ದಾಳಕ್ಕೂ ಒಂದು ಜೈಲು

ಟೇಬಲ್ ಸುತ್ತ ಕೂತು ಆಡುವ ಆಟಗಳ ಲೋಕದಲ್ಲಿ ಒಂದು ಜೈಲಿದೆ. ಅಂಗೈಯಷ್ಟೇ ಅಗಲ. ಕೆಲವರದು ಕಂಬಿ ಇರುವ ಪುಟ್ಟ ಪಂಜರ, ಕೆಲವರದು ಮರದ ಪೆಟ್ಟಿಗೆ, ಏನೂ ಇಲ್ಲದವರಿಗೆ ಬೋರಲು ಹಾಕಿದ ಒಂದು ಲೋಟ ಸಾಕು. ಒಳಗಿರುವ ಕೈದಿ ಒಂದು ದಾಳ. ಮಾಡಿದ ತಪ್ಪು: ಡ್ರ್ಯಾಗನ್ ಬಾಯಿ ತೆರೆದು ನಿಂತಿದ್ದಾಗ 1 ತೋರಿಸಿದ್ದು. ಶಿಕ್ಷೆ: ಇವತ್ತಿನ ಆಟ ಮುಗಿಯುವ ತನಕ ಬಂಧನ. ಜಾಮೀನು ಇಲ್ಲ.

ಇದಕ್ಕೆ ಡೈಸ್ ಜೈಲ್ ಅಂತಲೇ ಹೆಸರು. ಯಾರೋ ಒಬ್ಬರ ಹುಚ್ಚು ಅಂದುಕೊಳ್ಳಬೇಡಿ. ಇಂಥ ಜೈಲುಗಳನ್ನು ಮಾಡಿ ಮಾರುವವರಿದ್ದಾರೆ, 3ಡಿ ಪ್ರಿಂಟರ್‌ನಲ್ಲಿ ತಾವೇ ಮಾಡಿಕೊಳ್ಳುವವರಿದ್ದಾರೆ. ತಮಾಷೆ ಏನೆಂದರೆ, ದಾಳವನ್ನು ಹೀಗೆ ಒಳಗೆ ಹಾಕುವವರಲ್ಲಿ ಎಷ್ಟೋ ಜನಕ್ಕೆ ಸಾಧ್ಯತೆಯ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 1 ಬೀಳುವ ಸಾಧ್ಯತೆ ನೂರಕ್ಕೆ 5. ಹಿಂದೆ ಏನು ಬಿದ್ದಿತ್ತು ಅನ್ನುವುದಕ್ಕೂ ಮುಂದೆ ಏನು ಬೀಳುತ್ತದೆ ಅನ್ನುವುದಕ್ಕೂ ಸಂಬಂಧವಿಲ್ಲ. ದಾಳಕ್ಕೆ ನೆನಪಿಲ್ಲ. ಇಷ್ಟನ್ನೂ ಸರಿಯಾಗಿ ವಿವರಿಸುತ್ತಾರೆ. ವಿವರಿಸುತ್ತಲೇ ಕೈದಿಯನ್ನು ಲೋಟದ ಕೆಳಗೆ ತಳ್ಳುತ್ತಾರೆ.

ನಂಬದೆಯೇ ಪಾಲಿಸುವ ಮೂಢನಂಬಿಕೆ ಇದು. ಯಾರೂ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ.

ಈ ಆಟ ಆಡದವರಿಗಾಗಿ ಎರಡು ಮಾತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಡಿಎಂ, ಅಂದರೆ ಡಂಜನ್ ಮಾಸ್ಟರ್. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರ. "ನಾನು ಗೋಡೆ ಹತ್ತುತ್ತೇನೆ" ಅಂತ ನೀವು ಹೇಳಬಹುದು. ಹತ್ತಿದಿರೋ, ಬಿದ್ದಿರೋ ಅನ್ನೋದನ್ನು ಹೇಳುವುದು ದಾಳ. ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳು ಒಂದು ಸೆಟ್‌ನಲ್ಲಿ ಬರುತ್ತವೆ. ರಾಜ ಮಾತ್ರ ಡಿ20, ಇಪ್ಪತ್ತು ಮುಖದ್ದು. ಹೊಡೆತಕ್ಕೆ 20 ಬಿದ್ದರೆ ಎದುರಾಳಿ ಎಷ್ಟೇ ಬಲಶಾಲಿಯಾದರೂ ಏಟು ತಾಗುತ್ತದೆ, ಅದೂ ಜೋರಾಗಿ. 1 ಬಿದ್ದರೆ ನೀವು ಎಂಥ ಶೂರರಾದರೂ ಗುರಿ ತಪ್ಪುತ್ತದೆ. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ, ಎಲ್ಲರ ಕಣ್ಣೆದುರು, ಒಂದು ಪ್ಲಾಸ್ಟಿಕ್ ತುಂಡಿನ ಮರ್ಜಿಗೆ ಬಿದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಮನುಷ್ಯರು ಸುಮ್ನೆ ಇರುತ್ತಾರಾ?

ಇರುವುದಿಲ್ಲ. ಒಬ್ಬರು ದಾಳವನ್ನು ಊದುತ್ತಾರೆ. ಒಬ್ಬರು ಅದರ ಕಿವಿಯಲ್ಲಿ (ಅದಕ್ಕೆ ಕಿವಿ ಎಲ್ಲಿದೆಯೋ) ಏನೋ ಪಿಸುಗುಡುತ್ತಾರೆ. ಸತತವಾಗಿ ಕೆಟ್ಟ ಗರ ಬಿದ್ದರೆ ಕೈ ಬದಲಿಸುತ್ತಾರೆ, ಕುರ್ಚಿ ಬದಲಿಸುತ್ತಾರೆ. ಹೊಸ ದಾಳಗಳನ್ನು ಆಟಕ್ಕೆ ತರುವ ಮುಂಚೆ ಮನೆಯಲ್ಲೇ ಒಂದಷ್ಟು ಸಲ ಉರುಳಿಸಿ ಪಳಗಿಸುವವರಿದ್ದಾರೆ. ಪ್ರತಿ ಪಾತ್ರಕ್ಕೂ ಬೇರೆ ಸೆಟ್ ಇಡುವವರಿದ್ದಾರೆ. ಆ ಪಾತ್ರ ಸತ್ತರೆ ಸೆಟ್‌ಗೂ ನಿವೃತ್ತಿ. ಇನ್ನು ಕೆಲವರು ತೀರಾ ಕ್ರೂರಿಗಳು. ಹದಿನೆಂಟು ಸಲ ಕ್ಷಮಿಸಿ, ಹತ್ತೊಂಬತ್ತನೇ ಸಲ ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಅದೂ ಒಂಟಿಯಾಗಿ ಅಲ್ಲ. ಉಳಿದ ದಾಳಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ನೋಡಿ ಬುದ್ಧಿ ಕಲಿಯಲಿ ಅಂತ ಅವುಗಳ ಎದುರೇ.

ಇದರಲ್ಲೆಲ್ಲ ನನಗೆ ತುಂಬಾ ಇಷ್ಟವಾಗುವುದು ದಾಳವನ್ನು ಇಡುವ ರೀತಿಯ ಬಗ್ಗೆ ಇರುವ ಜಗಳ. ಆಟದ ಮಧ್ಯೆ ದಾಳ ಸುಮ್ಮನೆ ಕೂತಿರುವಾಗ ಯಾವ ಮುಖ ಮೇಲಿರಬೇಕು? ಒಂದು ಪಂಗಡ ಹೇಳುತ್ತದೆ: 20 ಮೇಲಿರಲಿ. ದಾಳಕ್ಕೆ ಅದೇ ಅಭ್ಯಾಸವಾಗಲಿ, ಆ ಭಂಗಿಯೇ ಹಿತ ಅನ್ನಿಸಲಿ. ಇನ್ನೊಂದು ಪಂಗಡಕ್ಕೆ ಇದು ಮಹಾಪಾಪ. 20 ಮೇಲಿಟ್ಟರೆ ಒಳಗಿರುವ ಒಳ್ಳೆಯ ಗರವೆಲ್ಲ ಸುಮ್ನೆ ಸೋರಿಹೋಗುತ್ತದಂತೆ. 1 ಮೇಲಿಡಿ, ಕೆಟ್ಟದ್ದೆಲ್ಲ ಖರ್ಚಾಗಲಿ ಅನ್ನುವುದು ಇವರ ವಾದ. ಒಂದು ಮತದಲ್ಲಿ ದಾಳ ಶಾಲೆಗೆ ಹೋಗುವ ಮಗು, ಇನ್ನೊಂದರಲ್ಲಿ ಅದು ನೀರಿನ ಟ್ಯಾಂಕ್. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವೇ ಇಲ್ಲ. ಆದರೂ ಒಬ್ಬರೇ ಮನುಷ್ಯ ಒಂದೇ ಸಂಜೆಯಲ್ಲಿ ಎರಡನ್ನೂ ಹಿಡಿಯುವುದನ್ನು ಯಾವ ಟೇಬಲ್‌ನಲ್ಲಾದರೂ ನೋಡಬಹುದು. ಸತತ ಎರಡು ಒಳ್ಳೆ ಗರ ಬಿದ್ದರೆ "ಇದು ಬಿಸಿಯಾಗಿದೆ, ಬಿಡಬೇಡ". ಸತತ ಎರಡು ಕೆಟ್ಟದ್ದು ಬಿದ್ದರೆ "ಈಗ ಒಳ್ಳೆಯದು ಬರಲೇಬೇಕು". ದಾಳ ಏನು ಮಾಡಿದರೂ ಮುಂದಿನದು ಒಳ್ಳೆಯದೇ. ಇಷ್ಟು ಅನುಕೂಲದ ಸಿದ್ಧಾಂತ ಬೇರೆ ಸಿಗುವುದು ಕಷ್ಟ.

ಟ್ಯಾಂಕ್ ಪಂಗಡದವರದೇ ಒಂದು ಹಳೆಯ ಜೋಕ್ ಇದೆ. ಒಂದು ದೊಡ್ಡ ರಾಶಿ ಡಿ20 ತಗೊಂಡು ಎಲ್ಲವನ್ನೂ ಒಮ್ಮೆ ಉರುಳಿಸಿ. 1 ಬಿದ್ದವನ್ನು ಮಾತ್ರ ಆರಿಸಿಕೊಳ್ಳಿ. ಅವನ್ನೇ ಮತ್ತೆ ಉರುಳಿಸಿ, ಮತ್ತೆ 1 ಬಿದ್ದವನ್ನು ಆರಿಸಿ. ಮೂರನೇ ಸಲವೂ 1 ತೋರಿಸಿದ ದಾಳವನ್ನು ಮೆತ್ತನೆಯ ಚೀಲದಲ್ಲಿಟ್ಟು ಜೋಪಾನ ಮಾಡಿ. ಸತತ ನಾಲ್ಕು ಸಲ 1 ಬೀಳುವ ಸಾಧ್ಯತೆ 1,60,000ಕ್ಕೆ ಒಂದು. ಅಂದಮೇಲೆ ಮೂರು 1 ಆಗಲೇ ಮುಗಿಸಿರುವ ಈ ದಾಳ ನಿಮ್ಮ ಮುಖ್ಯ ಯುದ್ಧದಲ್ಲಿ ಕೈಕೊಡುವುದು ಹೇಗೆ? ತರ್ಕದಲ್ಲಿ ತಪ್ಪಿರುವುದು ಎಲ್ಲರಿಗೂ ಗೊತ್ತು. ಮೂರು ಸಲ ಬಿದ್ದಾಯಿತಲ್ಲ, ನಾಲ್ಕನೆಯದು ಮತ್ತೆ 20ಕ್ಕೆ ಒಂದೇ. ಜೊತೆಗೆ ಸರಾಸರಿ ಅಂಥ ಒಂದು ದಾಳ ಸಿಗಬೇಕಾದರೆ ಶುರುವಿನಲ್ಲಿ 8,000 ದಾಳ ಬೇಕು. ದಾಳಗಳನ್ನು ಗುಡ್ಡೆ ಹಾಕುವ ಕೆಲವು ಗೆಳೆಯರನ್ನು ನೋಡಿದರೆ ಅದೂ ಅಸಾಧ್ಯ ಅನ್ನಿಸುವುದಿಲ್ಲ. ಇಂಥವರನ್ನು ಆಟಗಾರರು ಡೈಸ್ ಗಾಬ್ಲಿನ್ ಅಂತ ಪ್ರೀತಿಯಿಂದ ಕರೆಯುತ್ತಾರೆ. ಮಿಣಮಿಣ ಹೊಳೆಯುವುದನ್ನು ಕಂಡರೆ ಬಿಡದ ಜೀವಿಗಳು.

ದಾಳದ ಮೇಲಿನ ಅನುಮಾನಕ್ಕೆ ಸ್ವಲ್ಪ ನಿಜವಾದ ಇತಿಹಾಸವೂ ಇದೆ. ಆ ಆಟದ ಮೊದಲ ವರ್ಷಗಳ ದಾಳಗಳು ನಿಜಕ್ಕೂ ಕಳಪೆ. ಮೆತ್ತನೆಯ ಪ್ಲಾಸ್ಟಿಕ್. ಆಡುತ್ತಾ ಆಡುತ್ತಾ ಅಂಚು ಸವೆದು ಗೋಲಿಯ ಹಾಗಾಗುತ್ತಿದ್ದವು. ಎಷ್ಟೋ ಡಿ20ಗಳ ಮೇಲೆ 1ರಿಂದ 20 ಇರಲೇ ಇಲ್ಲ, 0ಯಿಂದ 9ರವರೆಗಿನ ಅಂಕಿ ಎರಡೆರಡು ಸಲ ಇರುತ್ತಿತ್ತು. ಅಂಕಿಗಳಿಗೆ ಬಣ್ಣವೂ ಇರುತ್ತಿರಲಿಲ್ಲ. ಪೆಟ್ಟಿಗೆಯ ಜೊತೆ ಒಂದು ಮೇಣದ ಕ್ರೇಯಾನ್ ಕೊಡುತ್ತಿದ್ದರು, ಉಜ್ಜಿ ನೀವೇ ಬಣ್ಣ ತುಂಬಿಕೊಳ್ಳಬೇಕು. 1979ರ ಸುಮಾರಿಗೆ ದಾಳಗಳಿಗೇ ಕೊರತೆ ಬಂದು, ಆಟದ ಪೆಟ್ಟಿಗೆಯಲ್ಲಿ ಅಂಕಿ ಅಚ್ಚು ಹಾಕಿದ ಕಾಗದದ ಚೀಟಿಗಳನ್ನು ಇಟ್ಟು ಮಾರಿದ್ದೂ ಉಂಟು. ಕಪ್‌ನಿಂದ ಚೀಟಿ ಎತ್ತಿ ಡ್ರ್ಯಾಗನ್ ಜೊತೆ ಹೋರಾಡುವುದನ್ನು ಊಹಿಸಿಕೊಳ್ಳಿ! ಚೀಟಿಯನ್ನು ಯಾವ ಜೈಲಿಗೆ ಹಾಕುವುದು?

ಆಮೇಲೆ ಲೂ ಝೋಕಿ ಅನ್ನುವವರು ಬಂದರು. ಗೇಮ್‌ಸೈನ್ಸ್ ಕಂಪನಿಯವರು, ನೂರು ಮುಖದ ದಾಳ ಮಾಡಿದವರು. ಚೆಂಡಿನಂತಿರುವ ಆ ದಾಳ ಉರುಳಲು ಶುರುಮಾಡಿದರೆ ನಿಲ್ಲುವುದೇ ಇಲ್ಲ ಅನ್ನುವುದು ಬೇರೆ ಕಥೆ. ಅವರ ವಾದ ಇಷ್ಟು: ಬೇರೆಯವರು ದಾಳಕ್ಕೆ ನುಣುಪು ತರಲು ಯಂತ್ರದಲ್ಲಿ ಹಾಕಿ ತಿರುಗಿಸುತ್ತಾರೆ, ಅದರಲ್ಲಿ ಅಂಚುಗಳು ಒಂದೇ ಸಮ ಸವೆಯುವುದಿಲ್ಲ, ದಾಳ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದಕ್ಕೇ ಇವರ ದಾಳಗಳು ಚೂಪು ಅಂಚಿನವು. ಕ್ಯಾಸಿನೋದವರೂ ತಮ್ಮ ಆರು ಮುಖದ ದಾಳಗಳ ಬಗ್ಗೆ ಇಷ್ಟೇ ಕಟ್ಟುನಿಟ್ಟು. ಪಾರದರ್ಶಕ, ಚೂಪು ಅಂಚು, ಚುಕ್ಕಿ ಕೊರೆದ ಜಾಗಕ್ಕೆ ಅಷ್ಟೇ ತೂಕದ ಬಣ್ಣ ತುಂಬಿ ಮಟ್ಟ ಮಾಡಿರುತ್ತಾರೆ. ಅಲ್ಲಿ ದುಡ್ಡಿದೆ ನೋಡಿ.

ಹಾಗಾದರೆ ನಮ್ಮ ಕೈಯಲ್ಲಿರುವ ದಾಳ ಒಂದು ಕಡೆಗೆ ವಾಲುತ್ತದಾ? ಸ್ವಲ್ಪ ವಾಲಬಹುದು. ಆದರೆ ಅದನ್ನು ಕಂಡುಹಿಡಿಯಲು ಎಷ್ಟು ಸಲ ಉರುಳಿಸಬೇಕು ಗೊತ್ತಾ? 1894ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ ಅವರು ಫ್ರಾನ್ಸಿಸ್ ಗಾಲ್ಟನ್‌ಗೆ ಒಂದು ಪತ್ರ ಬರೆದರು. 12 ದಾಳಗಳನ್ನು ಒಟ್ಟಿಗೆ 26,306 ಸಲ ಉರುಳಿಸಿದ ಲೆಕ್ಕ ಅದರಲ್ಲಿತ್ತು. ಅಂದರೆ ಒಟ್ಟು 3,15,672 ಗರ. ಮೂರರಲ್ಲಿ ಒಂದು ಪಾಲು 5 ಅಥವಾ 6 ಬೀಳಬೇಕಿತ್ತು, ಅಂದರೆ 1,05,224. ನಿಜಕ್ಕೂ ಬಿದ್ದದ್ದು 1,06,602. ಚುಕ್ಕಿ ಜಾಸ್ತಿ ಕೊರೆದ ಮುಖ ಚೂರು ಹಗುರ, ಅದೇ ಮೇಲೆ ಬರುತ್ತದೆ ಅನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಕಾರ್ಲ್ ಪಿಯರ್ಸನ್ 1900ರಲ್ಲಿ ತಮ್ಮ ಪ್ರಸಿದ್ಧ ಕೈ-ವರ್ಗ (chi-square) ಪರೀಕ್ಷೆಯನ್ನು, ಅಂದರೆ ಬೀಳಬೇಕಿದ್ದದ್ದಕ್ಕೂ ಬಿದ್ದದ್ದಕ್ಕೂ ಇರುವ ವ್ಯತ್ಯಾಸ ಬರೀ ಆಕಸ್ಮಿಕವೋ ಅಲ್ಲವೋ ಅಂತ ಅಳೆಯುವ ಲೆಕ್ಕವನ್ನು, ಮುಂದಿಟ್ಟಾಗ ಉದಾಹರಣೆಗೆ ಬಳಸಿಕೊಂಡದ್ದರಲ್ಲಿ ಇದೇ ಅಂಕಿಗಳೂ ಇದ್ದವು. ಮೂರು ಲಕ್ಷಕ್ಕೂ ಮೀರಿದ ಗರಗಳಲ್ಲಿ ಕಂಡ ವ್ಯತ್ಯಾಸ ನೂರಕ್ಕೆ ಅರ್ಧವೂ ಇಲ್ಲ. ನಮ್ಮವರು ಮೂರೇ ಗರದಲ್ಲಿ "ಈ ದಾಳ ಸರಿಯಿಲ್ಲ" ಅಂತ ತೀರ್ಪು ಕೊಟ್ಟಿರುತ್ತಾರೆ.

ಅದೃಷ್ಟ ಕೆಟ್ಟಿದೆ ಅನ್ನಿಸುವುದಕ್ಕೆ ದಾಳ ಕೆಡಬೇಕಾಗಿಯೂ ಇಲ್ಲ. ಸರಿಯಾದ ಡಿ20ಯನ್ನೇ ಇಪ್ಪತ್ತು ಸಲ ಉರುಳಿಸಿ. ಒಂದು ಸಲವೂ 20 ಬೀಳದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 36. ನಲವತ್ತು ಸಲ ಉರುಳಿಸಿದರೂ ನೂರರಲ್ಲಿ ಹದಿಮೂರು ಜನಕ್ಕೆ ಒಂದೂ 20 ಕಾಣುವುದಿಲ್ಲ. ಐದು ಜನ ಕೂತಿರುವ ಟೇಬಲ್‌ನಲ್ಲಿ ಯಾರೋ ಒಬ್ಬರಿಗೆ ಆ ರಾತ್ರಿ ಕೆಟ್ಟದಾಗಿರಲೇಬೇಕು. ಯಾರು ಅನ್ನುವುದಷ್ಟೇ ಪ್ರಶ್ನೆ. ಆ ಒಬ್ಬರಿಗೆ ಈ ಲೆಕ್ಕ ಹೇಳಿ ಸಮಾಧಾನ ಮಾಡಲು ಹೋಗಬೇಡಿ. ದಾಳದ ಬದಲು ನಿಮ್ಮನ್ನೇ ಲೋಟದ ಕೆಳಗೆ ಹಾಕುತ್ತಾರೆ.

ಕೆಲವರು ಉಪ್ಪುನೀರಿನ ಪರೀಕ್ಷೆ ಮಾಡುತ್ತಾರೆ. ಒಂದು ಲೋಟ ನೀರಿಗೆ ದಾಳ ತೇಲುವಷ್ಟು ಉಪ್ಪು ಕರಗಿಸಿ, ದಾಳ ಬಿಟ್ಟು, ಬೆರಳಿನಿಂದ ತಿರುಗಿಸುತ್ತಾರೆ. ಪ್ರತಿ ಸಲವೂ ಅದೇ ಮುಖ ಮೇಲೆ ಬಂದರೆ ಒಳಗೆ ಗಾಳಿಗುಳ್ಳೆ ಇದೆ, ತೂಕ ಸಮ ಇಲ್ಲ ಅಂತ ಅರ್ಥ. ಗುಳ್ಳೆ ಇದೆ ಅನ್ನುವುದನ್ನು ಇದು ತೋರಿಸಬಹುದು. ಗಟ್ಟಿ ಟೇಬಲ್ ಮೇಲೆ ಜೋರಾಗಿ ಉರುಳಿದಾಗ ಆ ಗುಳ್ಳೆಯಿಂದ ಗರ ಎಷ್ಟು ಬದಲಾಗುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಉಪ್ಪುನೀರಿನಲ್ಲಿ ಉತ್ತರ ಸಿಗುವುದಿಲ್ಲ.

ಈ ಪರೀಕ್ಷೆಯಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಉಪ್ಪುನೀರಿಗೆ ಇಳಿಯುವುದು ಯಾವಾಗಲೂ ದುರದೃಷ್ಟದ ದಾಳ. ಅದೃಷ್ಟದ ದಾಳವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. "ಇದು ನನಗೆ ಯಾವತ್ತೂ ಕೈಕೊಟ್ಟಿಲ್ಲ" ಅಂತ ಹೆಮ್ಮೆಯಿಂದ ತೋರಿಸುವವರಿಗೆ, ಹಾಗಾದರೆ ನೀರಿಗೆ ಹಾಕಿ ನೋಡೋಣ ಅನ್ನಿ. ಮುಖ ಸಪ್ಪಗಾಗುತ್ತದೆ. ದಾಳವನ್ನು ಕಿಸೆಗೆ ಸೇರಿಸುತ್ತಾರೆ.

ಯಾಕೆ ಅಂತ ತುಂಬಾ ಯೋಚಿಸಿದ್ದೇನೆ. ಪರೀಕ್ಷೆಯಲ್ಲಿ ಆ ದಾಳ ನಿಜವಾಗಿಯೂ 20ರ ಕಡೆಗೆ ವಾಲುತ್ತದೆ ಅಂತ ಗೊತ್ತಾದರೆ ಏನಾಗುತ್ತದೆ? ಅದು ಮೋಸದ ದಾಳವಾಗುತ್ತದೆ. ಅದರಲ್ಲಿ ಗೆದ್ದದ್ದಕ್ಕೆಲ್ಲ ಬೆಲೆ ಇಲ್ಲ. ವಾಲುವುದಿಲ್ಲ ಅಂತ ಗೊತ್ತಾದರೆ? ಬರೀ ಕಾಕತಾಳೀಯ. ಅದಕ್ಕೂ ಬೆಲೆ ಇಲ್ಲ. ಆಟಗಾರರಿಗೆ ಬೇಕಾಗಿರುವುದು ಈ ಎರಡರ ನಡುವೆ ಎಲ್ಲೋ ಇರುವ ಒಂದು ದಾಳ. ಅದು ಎಲ್ಲರಿಗೂ ನ್ಯಾಯವಾಗಿರಬೇಕು, ನನ್ನನ್ನು ಮಾತ್ರ ಚೂರು ಜಾಸ್ತಿ ಪ್ರೀತಿಸಬೇಕು. ಮನಸ್ಸು ಮಾಡಿದರೆ 1 ಬೀಳಬಹುದಿತ್ತು, ಆದರೂ ನನಗಾಗಿ 20 ಬಿತ್ತು ಅನ್ನಿಸಬೇಕು. ಆಗ ಮಾತ್ರ ಅದು ಅದೃಷ್ಟ. ತೂಕ ಹಾಕಿದ ದಾಳದಿಂದ ಈ ಸುಖ ಸಿಗುವುದಿಲ್ಲ. ಮೋಸಗಾರರಿಗೆ ಮೂಢನಂಬಿಕೆ ಇರುವುದಿಲ್ಲ ಅಂತ ನನಗೆ ಬಲವಾದ ಅನುಮಾನ.

ಮನಃಶಾಸ್ತ್ರದವರು, ಸಮಾಜಶಾಸ್ತ್ರದವರು ಇದನ್ನೆಲ್ಲ ಹಿಂದೆಯೇ ಮುಟ್ಟಿ ನೋಡಿದ್ದಾರೆ. 1948ರಲ್ಲಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅಂತರದಲ್ಲಿ ಕಾಳು ಹಾಕಿದರು. ಒಂದು ಗಿರಗಿರ ಸುತ್ತಲು ಶುರುಮಾಡಿತು, ಇನ್ನೊಂದು ತಲೆ ಆಡಿಸತೊಡಗಿತು. ತಾನು ಮಾಡಿದ್ದಕ್ಕೇ ಕಾಳು ಬಂತು ಅನ್ನುವ ಹಾಗೆ. 1967ರಲ್ಲಿ ಜೇಮ್ಸ್ ಹೆನ್ಸ್ಲಿನ್ ಅಮೆರಿಕದ ಸೇಂಟ್ ಲೂಯಿಸ್‌ನ ಟ್ಯಾಕ್ಸಿ ಚಾಲಕರು ದಾಳದ ಜೂಜಾಡುವುದನ್ನು ಜೊತೆಗಿದ್ದು ನೋಡಿ ಬರೆದರು. ದೊಡ್ಡ ಅಂಕಿ ಬೇಕಾದರೆ ಜೋರಾಗಿ ಎಸೆಯುತ್ತಿದ್ದರು, ಸಣ್ಣದು ಬೇಕಾದರೆ ಮೆಲ್ಲಗೆ. ಎಲೆನ್ ಲ್ಯಾಂಗರ್ 1975ರಲ್ಲಿ ತೋರಿಸಿದ ಪ್ರಕಾರ, ಲಾಟರಿ ಚೀಟಿಯನ್ನು ತಾವೇ ಆರಿಸಿಕೊಂಡವರು ಅದನ್ನು ಬಿಟ್ಟುಕೊಡಲು ಬಹಳ ಜಾಸ್ತಿ ಬೆಲೆ ಕೇಳುತ್ತಾರೆ. ಸುಮ್ನೆ ಕೈಗೆ ಕೊಟ್ಟ ಚೀಟಿಗೆ ಅಷ್ಟು ಕೇಳುವುದಿಲ್ಲ.

ಇವೆಲ್ಲ ನಮ್ಮ ಟೇಬಲ್‌ಗೂ ಹೊಂದುತ್ತವೆ. ನನ್ನ ದಾಳ ನನಗೆ ಬೇರೆ, ಪಕ್ಕದವರದು ಬೇರೆ. ಆದರೂ ಪೂರ್ತಿ ಹೊಂದುವುದಿಲ್ಲ ಅನ್ನಿಸುತ್ತದೆ. ಪಾರಿವಾಳಕ್ಕೆ ಹಸಿವಿತ್ತು, ಟ್ಯಾಕ್ಸಿಯವರ ದುಡ್ಡು ಅಲ್ಲಿತ್ತು. ಅವರು ದಾಳವನ್ನು ಬೇಡಿಕೊಳ್ಳುತ್ತಿದ್ದರು. ನಾವು ಜಾಸ್ತಿ ಮಾಡುವುದು ಬಯ್ಯುವುದನ್ನು. ಜೈಲು, ಸುತ್ತಿಗೆ, ಬುದ್ಧಿವಾದ, ಎಲ್ಲವೂ ಗರ ಬಿದ್ದ ಮೇಲಿನ ಮಾತು. ಗರವನ್ನು ಬದಲಿಸುವುದಕ್ಕೆ ಅಲ್ಲ, ಬಿದ್ದದ್ದನ್ನು ಅರಗಿಸಿಕೊಳ್ಳುವುದಕ್ಕೆ.

ಈ ಆಟದಲ್ಲಿ ದಾಳವನ್ನು ಬಿಟ್ಟು ಉಳಿದ ಪ್ರತಿ ತೀರ್ಮಾನಕ್ಕೂ ಒಬ್ಬ ಮನುಷ್ಯ ಹೊಣೆ. ಕತ್ತಲ ಗುಹೆಗೆ ಹೋಗೋಣ ಅಂದದ್ದು ಒಬ್ಬ ಗೆಳತಿ. ಅಲ್ಲಿ ಆರು ರಾಕ್ಷಸರನ್ನು ಇಟ್ಟದ್ದು ಡಿಎಂ. ಮದ್ದಿನ ಸೀಸೆಯನ್ನು ನಿನ್ನೆಯೇ ಖಾಲಿ ಮಾಡಿದ್ದು ಇನ್ನೊಬ್ಬ. ನಿಮ್ಮ ಪಾತ್ರ ಸತ್ತಾಗ ಬಯ್ಯಲು ಕಾರಣ ಹುಡುಕಿದರೆ ಟೇಬಲ್ ತುಂಬಾ ಜನ ಸಿಗುತ್ತಾರೆ. ಅವರೊಟ್ಟಿಗೇ ಮುಂದಿನ ವಾರವೂ ಕೂತು ಆಡಬೇಕು, ಅಲ್ವಾ? ಅದಕ್ಕೇ ಎಲ್ಲರೂ ಒಟ್ಟಾಗಿ ಆ ಪ್ಲಾಸ್ಟಿಕ್ ತುಂಡಿನ ಕಡೆಗೆ ತಿರುಗುತ್ತಾರೆ. ಡಿಎಂ ಕೂಡ "ನಾನೇನೂ ಮಾಡಲಿಲ್ಲಪ್ಪ, ದಾಳ" ಅಂತ ಕೈ ಎತ್ತುತ್ತಾರೆ. ಬಯ್ಗುಳವೆಲ್ಲ ತಿಂದು ಬೇಜಾರು ಮಾಡಿಕೊಳ್ಳದ ಆಟಗಾರ ಅದೊಂದೇ.

ಹಿಂದಿನವರು ಇದಕ್ಕಿಂತ ಗಂಭೀರವಾಗಿ ದಾಳ ಉರುಳಿಸುತ್ತಿದ್ದರು. ಇಪ್ಪತ್ತು ಮುಖದ ದಾಳ ನಮ್ಮ ಕಾಲದ್ದಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಈಜಿಪ್ಟಿನದೊಂದಿದೆ, ಕಲ್ಲಿನದು, ಮುಖಗಳ ಮೇಲೆ ಗ್ರೀಕ್ ಅಕ್ಷರ ಕೆತ್ತಿದ್ದಾರೆ. ಕ್ರಿ.ಪೂ. 2ನೇ ಶತಮಾನಕ್ಕೂ ಕ್ರಿ.ಶ. 4ನೇ ಶತಮಾನಕ್ಕೂ ನಡುವಿನದು. ಈಜಿಪ್ಟಿನದೇ ದಾಖ್ಲಾ ಓಯಸಿಸ್‌ನಲ್ಲಿ ಸಿಕ್ಕ ಇನ್ನೊಂದು ಇಪ್ಪತ್ತು ಮುಖದ ದಾಳದ ಮೇಲೆ ಅಂಕಿಯ ಜಾಗದಲ್ಲಿ ದೇವರ ಹೆಸರುಗಳಿವೆ. ಯಾವ ದೇವರನ್ನು ಕೇಳಬೇಕು ಅನ್ನುವುದನ್ನು ಗೊತ್ತುಮಾಡಲು ಬಳಸಿದ್ದಿರಬೇಕು ಅಂತ ವಿದ್ವಾಂಸರ ಊಹೆ. ಅದನ್ನು ಯಾರೂ ಲೋಟದ ಕೆಳಗೆ ಹಾಕಿರಲಾರರು. ಜರ್ಮನಿಯಲ್ಲಿ ಸಿಕ್ಕ 4ನೇ ಶತಮಾನದ ರೋಮನ್ ದಾಳದ ಗೋಪುರ ನನಗೆ ಇನ್ನೂ ಹತ್ತಿರದ್ದು. ತಾಮ್ರ ಬೆರೆತ ಲೋಹದ ತಗಡಿನದು. ಮೇಲಿನಿಂದ ದಾಳ ಹಾಕಿದರೆ ಒಳಗಿನ ಮೆಟ್ಟಿಲುಗಳ ಮೇಲೆ ಕುಣಿಯುತ್ತಾ ಕೆಳಗೆ ಬರುತ್ತದೆ. ಕೈಚಳಕಕ್ಕೆ ಅವಕಾಶವಿಲ್ಲ. ಶತ್ರುಗಳು ಸೋತರು, ನಿಶ್ಚಿಂತೆಯಿಂದ ಆಡಿ ಅಂತ ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿದ್ದಾರೆ. ಈಗಲೂ ಇಂಥ ಗೋಪುರಗಳನ್ನು ಆಟಗಾರರು ಇಟ್ಟುಕೊಳ್ಳುತ್ತಾರೆ. ಮೋಸ ತಡೆಯಲು ಬಂದ ವಸ್ತುವಿಗೂ ಈಗ ಅದೃಷ್ಟ ಅಂಟಿದೆ. "ನನಗೆ ಗೋಪುರದಿಂದ ಯಾವತ್ತೂ ಒಳ್ಳೆ ಗರ ಬೀಳಲ್ಲ" ಅನ್ನುವವರು ಬೇಕಾದಷ್ಟು.

ಕಂಪ್ಯೂಟರ್ ಬಂದ ಮೇಲಾದರೂ ಇದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆನ್‌ಲೈನ್‌ನಲ್ಲಿ ಆಡುವಾಗ ದಾಳವೇ ಇರುವುದಿಲ್ಲ, ಪ್ರೋಗ್ರಾಂ ಒಂದು ಅಂಕಿ ಕೊಡುತ್ತದೆ. ಸವೆಯುವ ಅಂಚಿಲ್ಲ, ಗುಳ್ಳೆ ಇಲ್ಲ, ಊದಲು ಏನೂ ಇಲ್ಲ. ಆದರೂ ದೂರು ಮಾತ್ರ ಹೆಚ್ಚೇ ಆಯಿತು. ಕೆಲವು ಕಡೆ ಪರದೆಯ ಮೇಲಿನ ದಾಳದ ಬಣ್ಣ ಬದಲಿಸಬಹುದು. ಎರಡು ಕೆಟ್ಟ ಗರ ಬೀಳುತ್ತಲೇ ಜನ ಕೆಂಪಿನಿಂದ ನೀಲಿಗೆ ಹಾರುತ್ತಾರೆ. ಕೇಳಿದರೆ "ಗೊತ್ತು, ಗೊತ್ತು, ಆದರೂ" ಅನ್ನುತ್ತಾರೆ. ನನಗೆ ಈ ಆನ್‌ಲೈನ್ ದಾಳ ಅಷ್ಟು ರುಚಿಸುವುದಿಲ್ಲ. ಬಯ್ದರೆ ಎಲ್ಲಿಗೆ ಹೋಗಿ ತಾಗುತ್ತದೆ ಅನ್ನೋದೇ ತಿಳಿಯುವುದಿಲ್ಲ.

ಎಲ್ಲ ನಂಬಿಕೆಗಳೂ ಮುದ್ದಾಗಿರುವುದಿಲ್ಲ, ಅದನ್ನೂ ಹೇಳಬೇಕು. ಪ್ರತಿ ಗರಕ್ಕೂ ಒಂದು ನಿಮಿಷದ ಪೂಜೆ ಮಾಡುವವರಿಂದ ಟೇಬಲ್ ತೂಕಡಿಸುತ್ತದೆ. ತಮ್ಮ ದಾಳವನ್ನು ಬೇರೆಯವರು ಮುಟ್ಟಿದರೆ ಸಿಡುಕುವವರಿದ್ದಾರೆ. ಮುಟ್ಟುವ ಮುಂಚೆ ಕೇಳುವುದು ಮರ್ಯಾದೆ, ಅದು ಸರಿ. ಗೊತ್ತಿಲ್ಲದೆ ಕೈ ಹಾಕಿದ ಹೊಸಬರನ್ನು ಎಲ್ಲರೆದುರು ಗದರಿಸುವುದು ಮಾತ್ರ ಆಟವಲ್ಲ. ಹೊಸಬರಿಗೆ ಅಂತಲೇ ಒಂದಿಷ್ಟು ಹಳೆಯ ದಾಳ ಇಟ್ಟಿರುವ ಟೇಬಲ್‌ಗಳು ನನಗಿಷ್ಟ. ಇನ್ನೊಂದು, ಕೆಲವು ಆಟಗಳಲ್ಲಿ ಲೈಫ್ (ಆಟಗಾರರಿಗೆ ಉಳಿದಿರುವ ಪ್ರಾಣದ ಅಂಕ) ಲೆಕ್ಕ ಇಡಲು ಮಾಡಿದ ಇಪ್ಪತ್ತು ಮುಖದ ದಾಳಗಳಲ್ಲಿ 20ರ ಪಕ್ಕ 19, ಅದರ ಪಕ್ಕ 18 ಹೀಗೆ ಅಂಕಿಗಳು ಸಾಲಾಗಿ ಬರುತ್ತವೆ. ದೊಡ್ಡ ಅಂಕಿಗಳೆಲ್ಲ ಒಂದೇ ಕಡೆ. ಮೆಲ್ಲಗೆ ಜಾರಿಸುವ ಕೈಗೆ ಅದು ಅನುಕೂಲ. ಇದನ್ನು "ನನ್ನ ಅದೃಷ್ಟದ ದಾಳ" ಅಂತ ತಂದರೆ ಬೇಡ ಅನ್ನಿ. ಸಾಮಾನ್ಯ ಡಿ20ಯಲ್ಲಿ ಎದುರುಬದುರು ಮುಖಗಳ ಮೊತ್ತ 21, ದೊಡ್ಡದು ಚಿಕ್ಕದು ಎಲ್ಲ ಚದುರಿರುತ್ತವೆ. 20ರ ಸುತ್ತ ಇರುವುದು 2, 8 ಮತ್ತು 14. 1ರ ಅಂಚಿಗೆ ಅಂಟಿಕೊಂಡೇ 19 ಕೂತಿದೆ. ದಾಳ ಇನ್ನೊಂದು ಮಗ್ಗುಲು ಹೊರಳಿದ್ದರೆ 19 ಆಗುತ್ತಿತ್ತು ಅನ್ನುವುದು ಆಟಗಾರನ ಕಣ್ಣಿಗೆ ಯಾವಾಗಲೂ ಕಾಣುತ್ತಿರುತ್ತದೆ. ಹೊಟ್ಟೆ ಉರಿಸಲಿಕ್ಕೇ ಹೀಗೆ ಮಾಡಿದ್ದಾರೆ ಅಂತ ಕಾಣುತ್ತದೆ.

ಇನ್ನು ಉಳಿದದ್ದು ನೆಲಕ್ಕೆ ಬಿದ್ದ ದಾಳದ ಪ್ರಶ್ನೆ. ಪುಸ್ತಕಕ್ಕೆ ಒರಗಿ ಓರೆಯಾಗಿ ನಿಂತರೆ ಮತ್ತೆ ಉರುಳಿಸಬೇಕು ಅನ್ನುವುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ಟೇಬಲ್‌ನಿಂದ ಹಾರಿ ಕುರ್ಚಿ ಕೆಳಗೆ ಹೋದರೆ? ಕೆಲವರು ಮೊಬೈಲ್ ಟಾರ್ಚ್ ಹಿಡಿದು ಮಂಡಿಯೂರಿ, "20 ಬಿದ್ದಿದೆ, ಬಂದು ನೋಡಿ" ಅಂತ ಕೂಗುತ್ತಾರೆ. 3 ಬಿದ್ದಿದ್ದರೆ ಮಾತ್ರ ಅವರೇ ಸದ್ದಿಲ್ಲದೆ ಎತ್ತಿಕೊಂಡು ಮತ್ತೆ ಉರುಳಿಸುತ್ತಾರೆ. ನಾನು ಆಡುವ ಕಡೆ ನೆಲದ ಗರ ಲೆಕ್ಕಕ್ಕಿಲ್ಲ. ಟೇಬಲ್ ಬಿಟ್ಟು ಓಡಿಹೋದ ದಾಳ ಆ ಸಂಜೆ ಮತ್ತೆ ಆಟಕ್ಕೆ ಬರುವುದೂ ಇಲ್ಲ. ತಪ್ಪಿಸಿಕೊಳ್ಳಲು ನೋಡಿದ ಕೈದಿಗೆ ಶಿಕ್ಷೆ ಜಾಸ್ತಿ.